ಲೇಸರ್‌ನ ಕನ್ನಡಿಗಳನ್ನು ಅಲುಗಿಸಿ ನಿಲ್ಲಿಸಿದ ಬಗೆ

ನಮ್ಮ ಪ್ರಯೋಗಾಲಯದ ಟೈಟಾನಿಯಂ-ಸಫೈರ್ ಲೇಸರ್ ಬೆಳಗ್ಗೆ ಕೊಟ್ಟಷ್ಟು ಬೆಳಕನ್ನು ಮಧ್ಯಾಹ್ನ ಕೊಡುತ್ತಿರಲಿಲ್ಲ. ಕನ್ನಡಿಗಳನ್ನು ಹೊತ್ತ ಮೀಟರ್ ಉದ್ದದ ಅಲ್ಯೂಮಿನಿಯಂ ಫಲಕ ಒಂದು ಡಿಗ್ರಿ ಬಿಸಿಯಾದರೆ ಸುಮಾರು 23 ಮೈಕ್ರೋಮೀಟರ್ ಹಿಗ್ಗುತ್ತದೆ. ಬಿಸಿ ಒಂದೇ ಸಮನಾಗಿ ಹರಡದಿದ್ದರೆ ಬಾಗುತ್ತದೆ, ಆಗ ಕನ್ನಡಿಗಳೂ ವಾಲುತ್ತವೆ. ಕನ್ನಡಿ ಎಷ್ಟು ವಾಲಿದರೆ ಕಿರಣ ಅದರ ಎರಡರಷ್ಟು ತಿರುಗುತ್ತದೆ. ತಿರುಪು ತಿರುಗಿಸುತ್ತ ಕೂರುವ ಬದಲು ಕ್ಯಾವಿಟಿಯ (ಬೆಳಕು ಕನ್ನಡಿಗಳ ನಡುವೆ ಹಿಂದೆ ಮುಂದೆ ಓಡಾಡುವ ದಾರಿಯ) ಎರಡೂ ತುದಿಗಳ ಕನ್ನಡಿಗಳನ್ನು ಪೀಜೋಗಳ (ವೋಲ್ಟೇಜ್ ಕೊಟ್ಟರೆ ತುಸುವೇ ಹಿಗ್ಗುವ ತುಂಡುಗಳ) ಮೇಲೆ ಕೂರಿಸಿ, ಅವುಗಳನ್ನು ಸರಿಪಡಿಸುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದೆ.

ಯಾವ ಕಡೆಗೆ ತಿರುಗಿಸಬೇಕು ಎಂಬುದೇ ಇಲ್ಲಿ ತಿರುಳು. ಹೊರಬರುವ ಬೆಳಕು ಗರಿಷ್ಠ ಮಟ್ಟದಲ್ಲಿದ್ದಾಗ ಕನ್ನಡಿ ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಬೆಳಕು ಅಳೆಯುವ ಮೀಟರ್ ಇಳಿಯುತ್ತದೆ. ಆ ಇಳಿತಕ್ಕೆ ದಿಕ್ಕಿಲ್ಲ. ಆದ್ದರಿಂದ ಎರಡು ಕನ್ನಡಿಗಳ ನಾಲ್ಕು ಅಕ್ಷಗಳನ್ನೂ (ಪ್ರತಿ ಕನ್ನಡಿಗೆ ಅಡ್ಡ ಮತ್ತು ಲಂಬ) ಬೇರೆ ಬೇರೆ ಆವರ್ತನದಲ್ಲಿ ಅತಿ ಸಣ್ಣದಾಗಿ ಅಲುಗಿಸಿದೆ. ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಮತ್ತು ಅದರ ಗುಣಕಗಳ ಹತ್ತಿರ ಸುಳಿಯಲಿಲ್ಲ, ಒಂದರ ಇಮ್ಮಡಿ ಇನ್ನೊಂದಾಗದಂತೆಯೂ ನೋಡಿಕೊಂಡೆ. ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೋಡಯೋಡಿನ ಸಂಕೇತದಿಂದ ಆಯಾ ಆವರ್ತನವನ್ನಷ್ಟೇ ಹೆಕ್ಕಿದರೆ, ಶಿಖರದ ಒಂದು ಬದಿಯಲ್ಲಿ ಧನ, ಇನ್ನೊಂದು ಬದಿಯಲ್ಲಿ ಋಣ, ನೆತ್ತಿಯಲ್ಲಿ ಸೊನ್ನೆ ಸಿಗುತ್ತದೆ. ನೆತ್ತಿಯಲ್ಲಿ ಉಳಿಯುವುದು ಇಮ್ಮಡಿ ಆವರ್ತನದ ಏರಿಳಿತ ಮಾತ್ರ. ಸಂಕೇತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಅದನ್ನು ಕಂಡಾಗಲೆಲ್ಲ ನನಗೆ ಈಗಲೂ ಖುಷಿಯಾಗುತ್ತದೆ.

ಎರಡು ಕನ್ನಡಿಗಳೂ ಒಂದೇ ಬೆಳಕಿನ ದಾರಿಯನ್ನು ನಿರ್ಧರಿಸುವುದರಿಂದ ಒಂದನ್ನು ಮುಟ್ಟಿದರೆ ಇನ್ನೊಂದರ ಸರಿಯಾದ ಸ್ಥಾನವೂ ಬದಲಾಗುತ್ತದೆ. ಪ್ರತಿ ಅಕ್ಷವನ್ನು ತುಸು ಸರಿಸಿ, ನಾಲ್ಕೂ ಸಂಕೇತಗಳು ಎಷ್ಟು ಬದಲಾದವೆಂದು ಅಳೆದು, ಆ ಕೋಷ್ಟಕವನ್ನು ವಿಲೋಮಗೊಳಿಸಿ (ಸಂಕೇತಗಳಿಂದ ಬೇಕಾದ ಚಲನೆ ಸಿಗುವಂತೆ ತಿರುವಿ) ಬಳಸಿದೆ. ಕೆಲವು ಜೋಡಿ ಚಲನೆಗಳಿಗೆ ಬೆಳಕು ಹೆಚ್ಚೇನೂ ಬದಲಾಗುವುದಿಲ್ಲ. ಅಂಥವನ್ನು ಜೋರಾಗಿ ತಿದ್ದಹೊರಟರೆ ಸಂಕೇತದಲ್ಲಿನ ಗದ್ದಲವೇ (ಅಡ್ಡಾದಿಡ್ಡಿ ಏರಿಳಿತವೇ) ಕನ್ನಡಿಯನ್ನು ಓಡಿಸುತ್ತದೆ, ಹಾಗಾಗಿ ಅಲ್ಲಿ ತಿದ್ದುವ ವೇಗವನ್ನು ಬಹಳ ತಗ್ಗಿಸಿದೆ. ಬಿಸಿಯಿಂದ ಕನ್ನಡಿಗಳು ಸರಿಯುವುದು ನಿಧಾನವಾಗಿ, ಆತುರ ಬೇಕಿಲ್ಲ.

ಇಷ್ಟಾದರೂ ಗರಿಷ್ಠ ಬೆಳಕು ಬಂದ ಮಾತ್ರಕ್ಕೆ ಕಿರಣ ಸರಿಯಾದ ಜಾಗದಲ್ಲಿದೆ ಎನ್ನಲಾಗದು. ಲೇಸರ್ ಬೆಳಕು ಹುಟ್ಟುವ ಟೈಟಾನಿಯಂ-ಸಫೈರ್ ಹರಳಿಗೆ ಶಕ್ತಿ ತುಂಬುವ 532 ನ್ಯಾನೋಮೀಟರಿನ ಹಸಿರು ಕಿರಣ ಸರಿದರೆ ಕ್ಯಾವಿಟಿ ಅದನ್ನೇ ಹಿಂಬಾಲಿಸುತ್ತದೆ. ಮೀಟರ್ ಕದಲದಿದ್ದರೂ ಹೊರಕಿರಣ ಬೇರೆಡೆ ಬೀಳುತ್ತದೆ. ಮೊದಲು ಹಸಿರು ಕಿರಣವನ್ನು ಎರಡು ಕನ್ನಡಿ ಮತ್ತು ನಾಲ್ಕು ಭಾಗದ ಎರಡು ಫೋಟೋಡಯೋಡುಗಳಿಂದ ಕಟ್ಟಿಹಾಕಿ, ಆಮೇಲಷ್ಟೇ ಕ್ಯಾವಿಟಿಯ ನಿಯಂತ್ರಣವನ್ನು ಚಾಲೂ ಮಾಡಬೇಕು. ಈ ಕ್ರಮವನ್ನು ಯಾರೂ ತಪ್ಪಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾರಾದರೂ ಕಿರಣಕ್ಕೆ ಕೈ ಅಡ್ಡ ಹಿಡಿದರೆ ಬೆಳಕು ಒಂದು ಮಿತಿಗಿಂತ ಕೆಳಗಿಳಿದ ಕೂಡಲೇ ಪೀಜೋ ವೋಲ್ಟೇಜುಗಳು ಇದ್ದಲ್ಲೇ ನಿಲ್ಲುವಂತೆ ಪ್ರೋಗ್ರಾಂ ಬರೆದಿದ್ದೇನೆ. ವೋಲ್ಟೇಜ್ ತನ್ನ ವ್ಯಾಪ್ತಿಯ ಅಂಚಿಗೆ ಬಂದರೆ ಮಾತ್ರ ಕೈಯಿಂದ ತಿರುಪು ತಿರುಗಿಸಿ ಅದನ್ನು ನಡುವಿಗೆ ತರಬೇಕಾಗುತ್ತದೆ.