ಜಂತುಹುಳವಿದ್ದ ನಾಯಿಮರಿ ಮನೆಗೆ ಬಂದಾಗ ನಮ್ಮ ನಾಯಿಗಳನ್ನು ಕಾಪಾಡಿದ್ದು ಹೀಗೆ

ನೋಡಿಕೊಳ್ಳಲು ಬಿಟ್ಟುಹೋದ ಎರಡು ತಿಂಗಳ ಮರಿ, ಚಿಂತಾಮಣಿಯ ನಮ್ಮ ಮನೆಗೆ ಬಂದ ಮರುದಿನವೇ ಶಾವಿಗೆಯಂಥ ಬಿಳಿ ಹುಳ ಹಾಕಿತು. ಅದು ದುಂಡುಹುಳ. ಅಕ್ಕಿಕಾಳಿನಂಥ ತುಣುಕು ಕಂಡರೆ ಲಾಡಿಹುಳ. ಅದು ಚಿಗಟದಿಂದ ಹರಡುವುದರಿಂದ ಚಿಗಟಕ್ಕೂ ಔಷಧ ಬೇಕು.

ಮೊದಲು ಮರಿಯನ್ನು ಸಿಮೆಂಟ್ ನೆಲದ ಕಡೆ ಬೇರೆ ಇಟ್ಟೆವು. ಮಣ್ಣಿನ ಹಿತ್ತಲಿಗೆ ಬಿಡಲೇಬಾರದು. ದುಂಡುಹುಳದ ಮೊಟ್ಟೆ ಸೋಂಕು ಹರಡುವಷ್ಟು ಬಲಿಯಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಹಾಗಾಗಿ ಕಕ್ಕವನ್ನು ಆಗಿಂದಾಗಲೇ ಎತ್ತಿದರೆ ಅರ್ಧ ಕೆಲಸ ಮುಗಿದಂತೆ. ಕೊಕ್ಕೆಹುಳ ಹಾಗಲ್ಲ: ಒದ್ದೆ ಮಣ್ಣಿನಲ್ಲಿ ಒಂದು ವಾರದೊಳಗೇ ತಯಾರಾಗಿ, ಪಾದದ ಚರ್ಮದಿಂದಲೂ ಒಳಹೋಗುತ್ತದೆ. ಒಸಡು ಬಿಳಚಿಕೊಂಡು, ಕಕ್ಕ ಡಾಂಬರಿನಂತೆ ಕಪ್ಪಾಗಿದ್ದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ.

ಎಲ್ಲರೂ ಫಿನಾಯಿಲ್ ಸುರಿಯುತ್ತಾರೆ. ದುಂಡುಹುಳದ ಮೊಟ್ಟೆಯ ಸಿಪ್ಪೆ ಗಟ್ಟಿ, ಅದಕ್ಕೆ ಬಗ್ಗುವುದಿಲ್ಲ. ಕಕ್ಕ ಎತ್ತಿ, ಸೋಪುನೀರಲ್ಲಿ ಉಜ್ಜಿ, ಆಮೇಲೆ ಕುದಿಯುವ ನೀರು ಹಾಕಬೇಕು.

ಔಷಧಕ್ಕೆ ಮುಂಚೆ ತೂಕ ನೋಡಿ, ಅಂದಾಜು ಬೇಡ. ಪೈರಾಂಟೆಲ್ ಎಂಬ ಜಂತುಹುಳದ ಔಷಧ ಸಾಮಾನ್ಯವಾಗಿ ಕೆಜಿಗೆ 5 ಮಿಲಿಗ್ರಾಂ. ಸಿರಪ್ಪಿನ ಸಾಂದ್ರತೆ ಬೇರೆಬೇರೆ ಇರುವುದರಿಂದ ಎಷ್ಟು ಎಂಎಲ್ ಎಂಬುದನ್ನು ಪಶುವೈದ್ಯರೇ ಬರೆದುಕೊಡಲಿ. 2 ವಾರ ಬಿಟ್ಟು ಮತ್ತೊಮ್ಮೆ ಕೊಡಲೇಬೇಕು, ಯಾಕೆಂದರೆ ಮೈಯೊಳಗೆ ಓಡಾಡುತ್ತಿರುವ ಎಳೆಹುಳಗಳಿಗೆ ಮೊದಲ ಡೋಸು ತಾಗುವುದಿಲ್ಲ. ನಮ್ಮ ದೊಡ್ಡ ನಾಯಿಗಳಿಗೂ ವೈದ್ಯರನ್ನು ಕೇಳಿ ಅದೇ ದಿನ ಮಾತ್ರೆ ಹಾಕಿದೆವು. ಔಷಧದ ಮಾರನೇ ದಿನ ಹುಳ ಬಿದ್ದರೆ ಗಾಬರಿ ಬೇಡ, ಅದು ಕೆಲಸ ಮಾಡಿದ ಗುರುತು.

ಮರಿಯನ್ನು ಮುಟ್ಟಿದ ಮಕ್ಕಳು ಕೈತೊಳೆಯದೆ ಊಟಕ್ಕೆ ಕೂರಬಾರದು. ಈ ಹುಳ ಮನುಷ್ಯರಿಗೂ ಅಂಟುತ್ತದೆ.