ಮೂವತ್ತಾರು ಉಳಿದ ಬೆಳಿಗ್ಗೆ

8191 ಅವಿಭಾಜ್ಯ ಸಂಖ್ಯೆಯಲ್ಲ ಎಂದು ನಾನು ಒಂದು ಬೆಳಿಗ್ಗೆ ಮುಂಬೈನ ಲೋಕಲ್ ರೈಲು ದಾದರ್ ತಲುಪುವಷ್ಟರಲ್ಲಿ ಸಾಧಿಸಿಬಿಟ್ಟಿದ್ದೆ. ಅದು ಅಪ್ಪಟ ಅವಿಭಾಜ್ಯ. ತಪ್ಪಿದ್ದು ನಾನು.

2024ರ ಅಕ್ಟೋಬರ್‌ನಲ್ಲಿ ದಾಖಲೆಯ ಅವಿಭಾಜ್ಯವೊಂದು ಸಿಕ್ಕಿತು: 2ನ್ನು 13,62,79,841ನೇ ಘಾತಕ್ಕೆ ಏರಿಸಿ 1 ಕಳೆದರೆ ಬರುವ ಸಂಖ್ಯೆ. ಅದರಲ್ಲಿ 4,10,24,320 ಅಂಕೆಗಳಿವೆ. “ಅಷ್ಟು ದೊಡ್ಡದನ್ನು ಯಾರು ಭಾಗಿಸಿ ನೋಡಿದರು, ಮಾಮಾ?” ಎಂದು ಅಕ್ಕನ ಮಗಳು ಕೇಳಿದಳು. ಯಾರೂ ಭಾಗಿಸುತ್ತಾ ಕೂರುವುದಿಲ್ಲ. ಇಂಥ ಮರ್ಸೆನ್ ಸಂಖ್ಯೆಗಳಿಗೆ ಲೂಕಾಸ್–ಲೆಹ್ಮರ್ ಪರೀಕ್ಷೆ ಇದೆ. 4ರಿಂದ ಹೊರಟು, ವರ್ಗ ಮಾಡಿ, 2 ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿದ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು; ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ.

ಹೇಳಿದರೆ ಸಾಲದು, ಮಾಡಿ ತೋರಿಸಬೇಕೆನಿಸಿತು. 2ರ 13ನೇ ಘಾತದಿಂದ 1 ಕಳೆದರೆ 8191. ಹನ್ನೊಂದೇ ಸುತ್ತು. ಡೊಂಬಿವಲಿಯಲ್ಲಿ ಸೀಟು ಸಿಕ್ಕ ದಿನ (ವರ್ಷಕ್ಕೆ ನಾಲ್ಕು ಸಲ ಎನ್ನಿ) ಪುಸ್ತಕ ತೆರೆದೆ: 14, 194, 4870, 3953... ಪ್ರತಿ ಸಾಲನ್ನೂ ಒಂಬತ್ತರಿಂದ ತಾಳೆ ನೋಡುತ್ತಾ (ಎರಡೂ ಬದಿಯನ್ನು ಒಂಬತ್ತರಿಂದ ಭಾಗಿಸಿದರೆ ಒಂದೇ ಶೇಷ ಬರುತ್ತದೆಯೇ ಎಂದು) ಹೋದೆ. ಎಲ್ಲವೂ ಸರಿಯಾಗಿಯೇ ಕಂಡಿತು. ಕೊನೆಗೆ ಉಳಿದದ್ದು ಸೊನ್ನೆಯಲ್ಲ, 36.

ಎರಡು ದಿನ ಹುಡುಕಿದೆ. ಐದನೇ ಸಾಲಿನಲ್ಲಿ 5970 ಎಂದು ಬರೆಯಬೇಕಾದಲ್ಲಿ 5790 ಎಂದು ಬರೆದಿದ್ದೆ. ವ್ಯತ್ಯಾಸ 180, ಒಂಬತ್ತರಿಂದ ಭಾಗವಾಗುತ್ತದೆ, ಹಾಗಾಗಿ ತಾಳೆಗೆ ಸಿಗಲಿಲ್ಲ. ಟ್ರಯಲ್ ಬ್ಯಾಲೆನ್ಸ್‌ನ (ಖಾತೆಗಳ ತಾಳೆಪಟ್ಟಿಯ) ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕೆ ಅದಲುಬದಲಾಗಿದೆಯೇ ನೋಡಿ ಎಂದು ಫೋರ್ಟಿನ ನಮ್ಮ ಕಚೇರಿಯ ಹುಡುಗರಿಗೆ ಪಾಠ ಹೇಳುವವನು ನಾನೇ! ಒಂಬತ್ತರ ತಾಳೆಗೆ ಕಾಣದೆ ನುಸುಳುವ ತಪ್ಪು ಅದೊಂದೇ ಬಗೆಯದಲ್ಲ, ಆದರೆ ನನ್ನಂಥವರ ಕೈ ಮಾಡುವುದು ಅದನ್ನೇ.

ಎರಡನೇ ಸಲ ಭಾಗಾಕಾರದ ದಾರಿಯನ್ನೇ ಬದಲಿಸಿದೆ. 8191ರ ಬದಲು 8192ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿಸಿದರೆ ಸಾಕು; ಮೊತ್ತ 8191ನ್ನು ಮೀರಿದರೆ ಅದರಿಂದ 8191 ಕಳೆಯಬೇಕು, ಅಷ್ಟೇ. 3953ರ ವರ್ಗದಿಂದ 2 ಕಳೆದಾಗ ಬರುವ 1,56,26,207ಕ್ಕೆ ಭಾಗಲಬ್ಧ 1907, ಶೇಷ 4063, ಕೂಡಿದರೆ 5970. ಕಂಪ್ಯೂಟರ್‌ಗೆ ಇದು ಇನ್ನೂ ಸಲೀಸು, ಏಕೆಂದರೆ 8192 ಎಂದರೆ 2ರ ಘಾತ. ದ್ವಿಮಾನದಲ್ಲಿ ಬರೆದ ಸಂಖ್ಯೆಯನ್ನು ಎರಡು ತುಂಡು ಮಾಡಿ ಕೂಡಿಸಿದರೆ ಮುಗಿಯಿತು. ಆಮೇಲೆ 1857, 36 (ಇಲ್ಲಿಯೂ ಅದೇ!), 1294, 3470, 128. ಅಲ್ಲಿ ಪೆನ್ನು ನಿಲ್ಲಿಸಿದೆ. 128ರ ವರ್ಗ 16,384. ಎರಡು ಕಳೆದರೆ 16,382, ಅಂದರೆ ಎರಡು ಸಲ 8191. ಪಕ್ಕದವರು ನನ್ನ ಮುಖ ನೋಡಿ ಲಾಟರಿ ಹೊಡೆಯಿತೇ ಎಂದು ಮರಾಠಿಯಲ್ಲಿ ಕೇಳಿದರು.

ದಾಖಲೆಯ ಸಂಖ್ಯೆಯನ್ನು ದೃಢಪಡಿಸಿದ್ದೂ ಇದೇ ಪರೀಕ್ಷೆಯಿಂದ, 13 ಕೋಟಿಗೂ ಮೀರಿದ ಸುತ್ತುಗಳಲ್ಲಿ. ಅದರ ಕೊನೆಯ ಅಂಕೆಯನ್ನು ಮಾತ್ರ ಅಕ್ಕನ ಮಗಳು ಕೈಲೆಕ್ಕದಲ್ಲೇ ಹೇಳಿದಳು: ಘಾತಾಂಕವನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಹಾಗಾಗಿ 2ರ ಘಾತ 2ರಲ್ಲಿ ಮುಗಿಯುತ್ತದೆ, ಒಂದು ಕಳೆದರೆ 1. ತಾಳೆ ನೋಡಿದೆ. ಸರಿಯಾಗಿತ್ತು.