ನಡೆದದ್ದು ಕೇಳಿದರೆ ಮಾತು ತಾನಾಗಿ ಬರುತ್ತದೆ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕೂತು ನಾನು ನಡೆಸುವ ಮಾತುಕತೆ ಕಾರ್ಯಕ್ರಮಕ್ಕೆ ಬರುವವರಲ್ಲಿ ಹೆಸರುವಾಸಿಗಳು ಕಡಿಮೆ. ಪಂಚಾಯಿತಿಯಲ್ಲಿ ಇದ್ದು ಬಂದವರು, ತೋಟದವರು, ಯಕ್ಷಗಾನ ಮೇಳ ಬಿಟ್ಟು ಊರಿಗೆ ಮರಳಿದವರು, ಅಂಗನವಾಡಿ ಕಾರ್ಯಕರ್ತೆಯರು, ದರ್ಗಾಕ್ಕೂ ಚೌಡಮ್ಮನಿಗೂ ಹರಕೆ ಹೊರುವವರು. ಒಬ್ಬೊಬ್ಬರ ಜೊತೆ ಗಂಟೆಗಟ್ಟಲೆ ಕೂರುತ್ತೇನೆ. ರಾಜಕೀಯ, ದೇವರು, ಜಾತಿ, ಸಾಲ, ಸಾವು ಎಲ್ಲವೂ ಬರುತ್ತವೆ. ಇವರೆಲ್ಲ ಮೈಕಿನ ಮುಂದೆ ಇಷ್ಟು ಬಿಚ್ಚಿ ಹೇಗೆ ಮಾತಾಡುತ್ತಾರೆ ಎಂದು ಕೇಳುವವರಿದ್ದಾರೆ. ನಾನು ಮಾಡುವುದನ್ನು ಬರೆದಿಟ್ಟರೆ ಬೇರೆ ಊರಿನಲ್ಲಿ ಯಾರಾದರೂ ಇಂಥದ್ದು ಶುರು ಮಾಡಬಹುದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಅಭಿಪ್ರಾಯ ಕೇಳುವುದಿಲ್ಲ, ನಡೆದದ್ದನ್ನು ಕೇಳುತ್ತೇನೆ. "ಈಗಿನ ರಾಜಕೀಯದ ಬಗ್ಗೆ ಏನನ್ನಿಸುತ್ತೆ?" ಎಂದರೆ "ಎಲ್ರೂ ಅಷ್ಟೇ ಮಾರಾಯ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಲ್ಲದಿದ್ದರೆ ಹಿಂದಿನ ರಾತ್ರಿ ಟೀವಿಯಲ್ಲಿ ಕೇಳಿದ ಮಾತು ಹಾಗೇ ಹೊರಬರುತ್ತದೆ. ಅದರಲ್ಲಿ ಆ ಮನುಷ್ಯ ಇರುವುದೇ ಇಲ್ಲ.

ಕಾಗೋಡಿನ ವಿಷಯವನ್ನೇ ತೆಗೆದುಕೊಳ್ಳಿ. 1951ರ ಸತ್ಯಾಗ್ರಹ ನಮ್ಮ ತಾಲ್ಲೂಕಿನದು. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ದೀವರ ಸಮುದಾಯದ ಗೇಣಿ ರೈತರು ಎದ್ದು ನಿಂತದ್ದು, ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದು ವಿಧಾನಸಭೆಗೆ ಹೋದದ್ದು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಎಂಬತ್ತು ದಾಟಿದ ಒಬ್ಬ ಅಜ್ಜನ ಹತ್ತಿರ ಹೋದಾಗ ಅವರೂ ಮೊದಲು ಭಾಷಣದ ಧಾಟಿಯಲ್ಲೇ ಶುರು ಮಾಡಿದರು. ನಾನು ಮಧ್ಯೆ ಬಾಯಿ ಹಾಕದೆ ಅದು ಮುಗಿಯುವವರೆಗೂ ಕೇಳಿ, ಆಮೇಲೆ, "ಅಜ್ಜಾ, ಭತ್ತ ಅಳೆಯೋ ಹೊತ್ತಿಗೆ ನಿಮ್ಮ ಅಪ್ಪ ಎಲ್ಲಿ ನಿಂತಿರ್ತಿದ್ರು?" ಎಂದೆ. ಅವರು ಸುಮಾರು ಹೊತ್ತು ಸುಮ್ಮನಾದರು. "ಅಂಗಳದ ಕೆಳಗೆ ನಿಂತಿರ್ತಿದ್ದ ತಮ್ಮಾ. ಅಳತೆ ಮೇಲೆ, ಜಗಲಿ ಹತ್ರ. ಲೆಕ್ಕ ಕೂಗೋದು ಕೇಳ್ತಿತ್ತು ಅಷ್ಟೇ, ಕೊಳಗ ಕಾಣ್ತಿರ್ಲಿಲ್ಲ" ಎಂದರು. ಅಲ್ಲಿಂದ ಮಾತು ನಿಲ್ಲಲಿಲ್ಲ. ಗೇಣಿದಾರರಿಗೇ ಭೂಮಿ ಕೊಡುವ 1974ರ ಭೂಸುಧಾರಣೆ ತಿದ್ದುಪಡಿ ಬಂದಮೇಲೆ ಡಿಕ್ಲರೇಷನ್, ಅಂದರೆ ಆ ಭೂಮಿ ತನಗೆ ಬೇಕೆಂಬ ಅರ್ಜಿ, ಹಾಕಲು ಅಪ್ಪ ಹೆದರಿದ್ದು, ಗದ್ದೆಯ ಒಡೆಯರ ಮನೆಯ ಮದುವೆಗೆ ಆ ವರ್ಷ ಹೋಗಲೋ ಬೇಡವೋ ಎಂದು ಮನೆಯಲ್ಲಿ ಜಗಳವಾದದ್ದು, ಈಗ ಮಕ್ಕಳು ಬೇರೆ ಬೇರೆ ಪಕ್ಷದಲ್ಲಿರುವುದು, ತಾನು ಯಾರಿಗೆ ವೋಟು ಹಾಕುತ್ತೇನೆ ಮತ್ತು ಏಕೆ ಎಂಬುದು ಎಲ್ಲವನ್ನೂ ಹೇಳಿದರು. ವೋಟಿನ ವಿಷಯ ನಾನು ಕೇಳಿರಲೇ ಇಲ್ಲ.

ಇದೇ ವಿಷಯಕ್ಕೆ ಇನ್ನೊಂದು ಮನೆಗೂ ಹೋದೆ. ಗಂಡ ಸತ್ತಮೇಲೆ ಇದ್ದ ಸ್ವಲ್ಪ ಗದ್ದೆಯನ್ನು ಗೇಣಿಗೆ ಕೊಟ್ಟು, ಅದೇ ಕಾನೂನಿನಲ್ಲಿ ಅದನ್ನು ಕಳೆದುಕೊಂಡ ಅಮ್ಮನ ಮಗಳು ಅಲ್ಲಿದ್ದರು. "ಕಾನೂನು ಸರಿಯೇ, ಆದರೆ ನಮ್ಮಮ್ಮ ಆ ವರ್ಷ ಉಂಡದ್ದು ಗಂಜಿ" ಎಂದರು. ಎರಡನ್ನೂ ಅಕ್ಕಪಕ್ಕ ಪ್ರಸಾರ ಮಾಡಿದೆ, ಯಾರು ಸರಿ ಎಂದು ನಾನು ಒಂದು ಮಾತೂ ಸೇರಿಸಲಿಲ್ಲ. ಗೇಣಿದಾರರಿಗೆ ಭೂಮಿ ಸಿಕ್ಕಿದ್ದು ನ್ಯಾಯ ಎಂದೇ ನಾನು ನಂಬಿದವನು. ಆದರೆ ಆ ನಂಬಿಕೆಯನ್ನು ಗದ್ದೆ ಕಳೆದುಕೊಂಡವರ ಮನೆಗೆ ಹೊತ್ತುಕೊಂಡು ಹೋಗಿ ಪ್ರಶ್ನೆ ಕೇಳಬಾರದು.

ಚುನಾವಣೆಗೆ ನಿಂತವರ ಜೊತೆ ಕೂತಾಗ ನನ್ನ ಮೊದಲ ಪ್ರಶ್ನೆ "ಮೊದಲ ಸಲ ನಿಂತಾಗ ದುಡ್ಡು ಎಲ್ಲಿಂದ ತಂದಿರಿ?" ಎಂಬುದು. ಸಿದ್ಧಾಂತದ ಪ್ರಶ್ನೆಗೆ ಅಣಿಯಾಗಿ ಬಂದವರು ಇದನ್ನು ನಿರೀಕ್ಷಿಸಿರುವುದಿಲ್ಲ. ಮಂಡಿಯಲ್ಲಿ ಮುಂದಿನ ಸಾಲಿನ ಅಡಿಕೆಯ ಮೇಲೆ ಮುಂಗಡ ತಂದದ್ದು, ಹೆಂಡತಿಯ ಬಳೆ ಸೊಸೈಟಿಯಲ್ಲಿ ಇಟ್ಟದ್ದು, ಸೋತಮೇಲೆ ಅದನ್ನು ಬಿಡಿಸಲು ಪಟ್ಟ ಪಾಡು ಒಂದೊಂದೇ ಹೊರಬರುತ್ತದೆ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ಇವರನ್ನೆಲ್ಲ ಮುಖ್ಯಮಂತ್ರಿ ಕುರ್ಚಿಯವರೆಗೆ ಕಳಿಸಿದ ಜಿಲ್ಲೆ ನಮ್ಮದು. ಇಲ್ಲಿ ರಾಜಕೀಯ ಮಾತಾಡಲು ಯಾರಿಗೂ ಸಂಕೋಚವಿಲ್ಲ. ಆದರೆ ತನ್ನ ಮನೆಯ ಲೆಕ್ಕದಿಂದ ರಾಜಕೀಯ ಮಾತಾಡುವುದು ಅಪರೂಪ.

ಎಲ್ಲಿ ಕೂರಿಸುತ್ತೇವೆ ಎಂಬುದು ಪ್ರಶ್ನೆಯಷ್ಟೇ ಮುಖ್ಯ. ಎದುರು ಬದುರು ಕುರ್ಚಿ, ಮುಖಕ್ಕೆ ಲೈಟು ಇಟ್ಟರೆ ನಮ್ಮವರು ಸಾಕ್ಷಿ ಹೇಳಲು ಬಂದವರ ಹಾಗೆ ಬಿಗಿದುಕೊಳ್ಳುತ್ತಾರೆ. ನನಗೆ ಒಳ್ಳೆಯ ಮಾತು ಸಿಕ್ಕಿರುವುದು ಹೆಚ್ಚಾಗಿ ಅಡಿಕೆ ಸುಲಿಯುವ ಚಪ್ಪರದಲ್ಲಿ. ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿರುತ್ತಾರೆ. ಕಣ್ಣು ಕತ್ತಿಯ ಮೇಲೆ, ಕೈ ಕೆಲಸದ ಮೇಲೆ. ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಸುಮ್ಮನಿದ್ದರೂ ಅದು ಮುಜುಗರದ ಮೌನವಾಗುವುದಿಲ್ಲ, ಏಕೆಂದರೆ ಕೆಲಸ ನಡೆಯುತ್ತಲೇ ಇರುತ್ತದೆ. ನಾನೂ ಒಂದು ಮೆಟ್ಟುಗತ್ತಿ ತೆಗೆದುಕೊಂಡು ಕೂರುತ್ತೇನೆ. ಕಾಲರ್ ಮೈಕ್ ಸೆರಗಿಗೆ ಸಿಕ್ಕಿಸಿದರೆ ಸಿಪ್ಪೆ ಸೀಳುವ ಸದ್ದು ಜೋರಾಗಿ ಬರುತ್ತದೆ, ಆದ್ದರಿಂದ ಮೈಕನ್ನು ಕುತ್ತಿಗೆಯ ಹತ್ತಿರಕ್ಕೆ ಏರಿಸುತ್ತೇನೆ. ಉಳಿದ ಸದ್ದು ಇರಲಿ ಎಂದು ಬಿಡುತ್ತೇನೆ. ಸೊಸೆ, ಅತ್ತೆ, ಕೂಲಿಗೆ ಬಂದವರು ಒಂದೇ ಸಾಲಿನಲ್ಲಿ ಕೂತು, ಬೆಂಗಳೂರಿಗೆ ಹೋದ ಮಗನ ಬಗ್ಗೆ, ಕೂಲಿಯ ಬಗ್ಗೆ, ಮುಟ್ಟಿನ ದಿನ ದೂರ ಕೂರುವುದರ ಬಗ್ಗೆ ಆಡಿದ ಮಾತನ್ನು ಯಾವ ಸ್ಟುಡಿಯೋದಲ್ಲೂ ನನಗೆ ಕೇಳಲು ಆಗುತ್ತಿರಲಿಲ್ಲ.

ಮಳೆಗಾಲದಲ್ಲಿ ಜಿಂಕ್ ಶೀಟಿನ ಮನೆಯಲ್ಲಿ ರೆಕಾರ್ಡಿಂಗ್ ಸಾಧ್ಯವೇ ಇಲ್ಲ. ಹಳೆಯ ಹೆಂಚಿನ ಮನೆಯ ಒಳಕೋಣೆ, ಗೋಡೆಗೆ ಎರಡು ಕಂಬಳಿ, ಕರೆಂಟು ಹೋಗುತ್ತದೆಂದು ಮೊದಲೇ ಚಾರ್ಜ್ ಮಾಡಿಟ್ಟ ರೆಕಾರ್ಡರ್, ಇಷ್ಟಿದ್ದರೆ ಸಾಕು.

ದೇವರ ವಿಷಯದಲ್ಲೂ ನನ್ನ ದಾರಿ ಅದೇ. "ನೀವು ನಂಬ್ತೀರಾ?" ಎನ್ನುವುದಿಲ್ಲ, "ಯಾವ ಹರಕೆ ಹೊತ್ತಿದ್ರಿ?" ಎನ್ನುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾ ಮತ್ತು ಭೂತರಾಯ ಚೌಡೇಶ್ವರಿ ಒಂದೇ ಸೂರಿನಡಿ ಇದ್ದಾರೆ. ಅಲ್ಲಿಗೆ ಬರುವವರ ಮುಂದೆ ಕೋಮು ಸೌಹಾರ್ದದ ಬಗ್ಗೆ ಪ್ರಶ್ನೆ ಇಟ್ಟರೆ ಒಳ್ಳೆಯ ಮಾತುಗಳು ಸಿಗುತ್ತವೆ, ಅಷ್ಟೇ. ಹರಕೆ ಕೇಳಿದರೆ ಕಳೆದುಹೋದ ದನ, ನಿಲ್ಲದ ಗರ್ಭ, ಕುಡಿತ ಬಿಡದ ಗಂಡ, ಕೋರ್ಟು ವ್ಯಾಜ್ಯ ಬರುತ್ತವೆ. ಆಮೇಲೆ ಒಬ್ಬರು ತಾವಾಗಿಯೇ, "ಪೇಟೆಯಲ್ಲಿ ಗಲಾಟೆ ಆದಮೇಲೆ ಇಲ್ಲಿಗೆ ಬರೋದು ಬೇಡ ಅಂತ ಮಗ ಹೇಳ್ದ. ನಾನು ಬಂದೆ. ಹರಕೆ ನಂದು, ಅವನದ್ದಲ್ಲ" ಎಂದರು. 2022ರಲ್ಲಿ ಶಿವಮೊಗ್ಗ ಪೇಟೆ ಕರ್ಫ್ಯೂ ಕಂಡಿತ್ತು. ಆ ದಿನಗಳ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ನನಗೆ ಹೆಚ್ಚು ತಟ್ಟಿದ್ದು ಇದು. ಕಾರ್ಯಕ್ರಮದಲ್ಲಿ ಅವರ ದನಿಯೊಂದೇ ಇತ್ತು. ಹೆಸರು, ಊರು ಹಾಕಲಿಲ್ಲ.

ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ನಮ್ಮ ಶಿಕಾರಿಪುರದವು. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಮೊದಲು ಕೇಳಿದ್ದು ಅವಳ ಪತಿ ಯಾರೆಂದು ಎನ್ನುತ್ತಾರೆ. ಶಿವ ಎಂದರೇನು ಎಂಬ ಪ್ರಶ್ನೆಯಿಂದ ಅವನು ಶುರು ಮಾಡಲಿಲ್ಲ. ಈ ಜಿಲ್ಲೆಯಲ್ಲಿ ಕೂತು ಸಂದರ್ಶನ ಮಾಡುವವನಿಗೆ ಇದಕ್ಕಿಂತ ಹತ್ತಿರದ ಗುರುಗಳು ಬೇಡ.

ದುಃಖದ ಮಾತಿಗೆ ನಾನು ಹಾಕಿಕೊಂಡ ಕಟ್ಟುಪಾಡು ಬೇರೆ. ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನು ತೆಗೆಯಿತು. ಆ ಕಾಯಿಲೆಗೆ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಯ ಜೊತೆ ಮಾತಿಗೆ ಕೂರುವ ಮೊದಲು ಮೈಕ್ ಇಲ್ಲದೆ ಹೋಗಿ ಚಹಾ ಕುಡಿದು ಬಂದೆ. ಮತ್ತೆ ಹೋದಾಗ ರೆಕಾರ್ಡರ್ ಅವರ ಕೈಗೇ ಕೊಟ್ಟು, ಯಾವ ಗುಂಡಿ ಒತ್ತಿದರೆ ನಿಲ್ಲುತ್ತದೆ ಎಂದು ತೋರಿಸಿದೆ. ಅವರು ಅದನ್ನು ಒತ್ತಿದರು, ಒಳಗೆ ಹೋಗಿ ಬಂದು ತಾವೇ ಮತ್ತೆ ಶುರು ಮಾಡಿದರು. "ಧೈರ್ಯ ಎಲ್ಲಿಂದ ಬಂತು?" ಎಂದು ನಾನು ಕೇಳಲಿಲ್ಲ. "ಆಮೇಲೆ ಮೊದಲ ಸಲ ಕಾಡಿಗೆ ದರಗು ತರೋಕೆ ಹೋದದ್ದು ಯಾವಾಗ ಅಮ್ಮಾ?" ಎಂದೆ. ದರಗು ಅಂದರೆ ಒಣಗಿ ಉದುರಿದ ಎಲೆ. ಉಣುಗು ದೂರವಿಡುವ ಡಿಎಂಪಿ ಎಣ್ಣೆಯನ್ನು ಮೈಗೆ ಬಳಿದುಕೊಂಡು, ಉಣುಗು ಹತ್ತದ ಹಾಗೆ ಸೀರೆ ಎತ್ತಿ ಕಟ್ಟಿ, ಗಂಡನ ಹಳೆಯ ಉದ್ದ ತೋಳಿನ ಅಂಗಿ ಹಾಕಿಕೊಂಡು ಹೋದದ್ದನ್ನು ಹೇಳಿದರು. ಹೋಗದಿದ್ದರೆ ಕೊಟ್ಟಿಗೆಗೆ ಸೊಪ್ಪು ದರಗು ಹಾಕುವವರು ಯಾರು ಎಂದರು. ಮಾತಿನ ನಡುವೆ ಬಂದ ಅವರ ಅಳುವಿಗೆ ಪಿಟೀಲು ಸಂಗೀತ ಸೇರಿಸಿದರೆ ಹೆಚ್ಚು ಜನ ನೋಡುತ್ತಾರೆ ಎಂದು ಸ್ನೇಹಿತರೊಬ್ಬರು ಹೇಳಿದ್ದರು. ಅದು ಆ ತಾಯಿಗೆ ಮಾಡುವ ಅವಮಾನ ಎಂದು ನನ್ನ ಅನಿಸಿಕೆ, ಸೇರಿಸಲಿಲ್ಲ.

ಎಡಿಟಿಂಗಿನಲ್ಲಿ ಉತ್ತರದ ಕ್ರಮ ಬದಲಿಸುವುದಿಲ್ಲ. ಪ್ರಶ್ನೆ ಕತ್ತರಿಸಿ ಬರೀ ಉತ್ತರದ ತುಣುಕನ್ನು ರೀಲ್ಸ್‌ಗೆ ಬಿಡುವುದಿಲ್ಲ, ವಿಶೇಷವಾಗಿ ಜಾತಿ ಮತ್ತು ಪಕ್ಷದ ಮಾತಿರುವಾಗ. ಪ್ರಸಾರಕ್ಕೆ ಮೊದಲು ಮಾತಾಡಿದವರಿಗೆ ಪೂರ್ತಿ ಕೇಳಿಸುತ್ತೇನೆ, ಅವರು ಬೇಡವೆಂದದ್ದನ್ನು ತೆಗೆಯುತ್ತೇನೆ. ಅಧಿಕಾರದಲ್ಲಿರುವವರಿಗೆ ಮಾತ್ರ ಈ ಸೌಲಭ್ಯ ಇಲ್ಲ, ಅದನ್ನು ಕೂರುವ ಮೊದಲೇ ಹೇಳಿರುತ್ತೇನೆ. ಒಬ್ಬರು ಅದನ್ನು ಕೇಳಿ ಎದ್ದು ಹೋದರು, ಹೋಗಲಿ.

ಈಗ ಹಿನ್ನೀರಿನಾಚೆ ಇರುವ, ನಮ್ಮ ತಾಲ್ಲೂಕಿನದೇ ಆದ ತುಮರಿ ಕಡೆಯವರ ಸರಣಿಗೆ ತಯಾರಿ ನಡೆದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತಾಗಿನಿಂದ ದಾರಿ ಕಳೆದುಕೊಂಡವರು ಅವರು. ಅವರ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಸೇತುವೆ ಬಂದದ್ದು ಹೇಗನ್ನಿಸುತ್ತದೆ ಎಂದು ಟೀವಿಯವರು ಆಗಲೇ ಎಲ್ಲರನ್ನೂ ಕೇಳಿ ಮುಗಿಸಿದ್ದಾರೆ. ನಾನು ಬರೆದಿಟ್ಟುಕೊಂಡಿರುವ ಪ್ರಶ್ನೆಗಳು ಹೀಗಿವೆ: ಹಿನ್ನೀರು ದಾಟಿಸುವ ಲಾಂಚ್ ನಿಂತ ರಾತ್ರಿ ಹೆರಿಗೆ ನೋವು ಬಂದಾಗ ಮನೆಯಲ್ಲಿ ಯಾರಿದ್ದರು? ಮುಳುಗಡೆ ಆಗುವಾಗ ಮನೆಯ ಯಾವ ಸಾಮಾನು ಬಿಟ್ಟು ಬಂದಿರಿ? ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ರಸೀದಿ ಇನ್ನೂ ಇದೆಯಾ, ಎಲ್ಲಿಟ್ಟಿದ್ದೀರಿ, ತೋರಿಸ್ತೀರಾ?